ಪದ್ದತ್ತೆಯ ಎಂಟು ಲೋಟ ನೀರು

ಕಳೆದ ಗುರುವಾರ ನಮ್ಮ ಮನೆಗೆ ನೀರು ಶುದ್ಧ ಮಾಡುವ ಯಂತ್ರದ ಸರ್ವೀಸಿನವನು ಬಂದಿದ್ದ. ಕಲ್ಪೆಟ್ಟದ ಬಸ್ ನಿಲ್ದಾಣದಿಂದ ಒಂದು ಏರು ಹತ್ತಿದರೆ ನಮ್ಮ ಮನೆ. ಆ ಏರು ಹತ್ತಿ ಬಂದವರು ಯಾರಾದರೂ ಮೊದಲು ಕೇಳುವುದು ಕುಡಿಯಲು ನೀರು. ಇವನು ನೀರು ಕೇಳಲಿಲ್ಲ, ಎರಡು ಲೋಟ ಕೇಳಿದ. ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಯಂತ್ರದ ನೀರು ಹಿಡಿದು, ಪೆನ್ನಿನಂಥ ಮೀಟರೊಂದನ್ನು ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ಅದ್ದಿ, ಅಂಕಿಯನ್ನು ನನ್ನ ಕಡೆ ತಿರುಗಿಸಿದ. "ಕಂಡೋ ಟೀಚರೇ? ವ್ಯತ್ಯಾಸ ಕಂಡೋ?" ಎಂದು ಅರ್ಧ ಮಲಯಾಳದಲ್ಲಿ ಕೇಳಿದ.

ನಾನು ಮೂವತ್ತು ವರ್ಷದಿಂದ ಸಂಖ್ಯಾಶಾಸ್ತ್ರ ಕಲಿಸುವವಳು. ಅಂಕಿ ಕಂಡರೆ ಬೆಕ್ಕಿಗೆ ಹಾಲು ಕಂಡ ಹಾಗೆ ನನಗೆ. "ಒಂದೊಂದೇ ಸಲ ಅದ್ದಿದರೆ ಹೇಗಪ್ಪಾ? ಹತ್ತು ಸಲವಾದರೂ ಅದ್ದಬೇಡವೇ? ಯಾವ ಲೋಟ ಯಾವುದೆಂದು ನಿನಗೆ ಮೊದಲೇ ಗೊತ್ತಿರಬಾರದಲ್ಲ?" ಎಂದು ಶುರು ಮಾಡಿದೆ. ಪಾಪ, ಅವನಿಗೆ ಇನ್ನೂ ನಾಲ್ಕು ಮನೆ ಇದ್ದವು. ಅವನು ಮೀಟರನ್ನು ಜೇಬಿಗೆ ಹಾಕಿ ನನ್ನ ಮುಖವನ್ನೇ ನೋಡುತ್ತಾ ನಿಂತ.

ಆಗ ಹಿಂದಿನಿಂದ ನಗು ಕೇಳಿಸಿತು. ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಕಣ್ಣು ತೋರಿಸಲೆಂದು ಊರಿನಿಂದ ಬಂದು ನಮ್ಮಲ್ಲಿ ಉಳಿದಿದ್ದರು. ಊಟದ ಮೇಜಿನ ಹತ್ತಿರ ಕುಳಿತು ಅವರು ಆ ಎರಡು ಲೋಟಗಳನ್ನೇ ನೋಡುತ್ತಾ ನಗುತ್ತಿದ್ದರು. ಸುಮ್ಮನೆ ನಗುವುದಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೆಮ್ಮು ಬರುವವರೆಗೂ ನಕ್ಕರು. "ಏನಾಯಿತು ಅತ್ತಿಗೆ?" ಎಂದರೆ ಕೈಯಾಡಿಸಿ ಮತ್ತೆ ನಕ್ಕರು. ಅವನು ಹೋದ ಮೇಲೆ ಅವರು ಹೇಳಿದ ಸಂಗತಿ ಕೇಳಿ ನಾನು ನಗಬೇಕೋ ಅಳಬೇಕೋ ತಿಳಿಯದೆ ಕುಳಿತುಬಿಟ್ಟೆ. ನಿಮಗೂ ಅದನ್ನು ಹೇಳುತ್ತೇನೆ. ಆದರೆ ಅದು ತಿಳಿಯಬೇಕಾದರೆ ಮೊದಲು ಪದ್ದತ್ತೆಯ ಪರಿಚಯವಾಗಬೇಕು.

ಪದ್ಮಾವತಿ ನನ್ನ ತಂದೆಯ ಅಕ್ಕ. ನಮ್ಮದು ಪನಮರಂ ಕಡೆಯ ಜೈನರ ಮನೆ. ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಬಂದು ಇಲ್ಲಿ ಬೇರು ಬಿಟ್ಟು, ಕಾಫಿ, ಮೆಣಸು, ಒಂದಿಷ್ಟು ಗದ್ದೆ ಮಾಡಿಕೊಂಡವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷು. ಹೀಗಾಗಿ ನನಗೆ ಸಿಟ್ಟು ಬರುವುದು ಕನ್ನಡದಲ್ಲಿ, ಅಹಂಕಾರ ಬರುವುದು ಇಂಗ್ಲಿಷಿನಲ್ಲಿ. ಪದ್ದತ್ತೆ ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬಂದವರೇ ಮನೆಯ ಬಾವಿಯ ಉಸ್ತುವಾರಿ ವಹಿಸಿಕೊಂಡರು. ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು.

ನಮ್ಮಲ್ಲಿ ನೀರನ್ನು ಗಾಳಿಸದೆ ಕುಡಿಯುವುದಿಲ್ಲ. ದಪ್ಪ ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಕಿ ನೀರು ಸುರಿಯಬೇಕು. ಕಣ್ಣಿಗೆ ಕಾಣದ ಜೀವಗಳು ಬಟ್ಟೆಯಲ್ಲಿ ಉಳಿಯುತ್ತವೆ. ಅಷ್ಟು ಮಾತ್ರ ಎಲ್ಲರಿಗೂ ಗೊತ್ತು. ಪದ್ದತ್ತೆಯ ಕೆಲಸ ಶುರುವಾಗುತ್ತಿದ್ದದ್ದೇ ಅಲ್ಲಿಂದ ಮುಂದೆ. ಅವರು ಬಟ್ಟೆಯನ್ನು ಮೆಲ್ಲಗೆ ತಿರುವಿ ಹಾಕಿ, ಗಾಳಿಸಿದ ನೀರನ್ನೇ ಅದರ ಮೇಲೆ ಬಿಟ್ಟು, ಆ ನೀರನ್ನು ಒಂದು ಪುಟ್ಟ ಹಿತ್ತಾಳೆ ಪಾತ್ರೆಯಲ್ಲಿ ಹಿಡಿಯುತ್ತಿದ್ದರು. ಆ ಪಾತ್ರೆಯನ್ನು ಹಗ್ಗದಲ್ಲಿ ಬಾವಿಗೆ ಇಳಿಸಿ, ಅದು ನೀರನ್ನು ಮುಟ್ಟಿದ ಮೇಲೆಯೇ ಓರೆ ಮಾಡುತ್ತಿದ್ದರು. ಮೇಲಿನಿಂದ ಸುರಿದುಬಿಡಬಾರದೇ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ.

"ಅಷ್ಟು ಮೇಲಿಂದ ಬಿದ್ರೆ ಅವಕ್ಕೆ ಪೆಟ್ಟಾಗ್ತದಲ್ವಾ ಮೋಳೇ? ನಿನ್ನ ತಗೊಂಡೋಗಿ ಹಂಗೆ ಮನೆ ಒಳಗೆ ಎಸೆದ್ರೆ?" ಎಂದಿದ್ದರು. ಮೋಳೇ ಎಂದರೆ ಮಗಳೇ. ನಮ್ಮ ಮನೆಯ ಕನ್ನಡದೊಳಗೆ ಎಂದೋ ಬಂದು ಕುಳಿತ ಮಲಯಾಳದ ಮಾತು.

ಆ ಬಟ್ಟೆ ಸದಾ ಅವರ ಹೆಗಲ ಮೇಲೆ ಇರುತ್ತಿತ್ತು. ಮನೆಗೆ ಅದು ಒಂದೇ. ಒದ್ದೆ ಹತ್ತಿಯ ಆ ವಾಸನೆ ಇವತ್ತಿಗೂ ಎಲ್ಲಿಯಾದರೂ ಬಂದರೆ, ಪದ್ದತ್ತೆ ಹಿಂದೆ ನಿಂತು ನಾನು ಮಾಡುತ್ತಿರುವ ಕೆಲಸವನ್ನು ನೋಡುತ್ತಿದ್ದಾರೆ ಎನಿಸಿ ಬೆನ್ನು ನೆಟ್ಟಗಾಗುತ್ತದೆ.

ಇನ್ನು ನನ್ನ ಪರಿಚಯ. ಆಗ ನನಗೆ ಇಪ್ಪತ್ತಮೂರು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಹಾಸ್ಟೆಲಿನಲ್ಲಿ ಗುಟ್ಟಾಗಿ ಈರುಳ್ಳಿ ದೋಸೆ ತಿಂದು ಬಂದವಳು. ಎಂ.ಎಸ್ಸಿ.ಗಿಂತ ಈರುಳ್ಳಿ ದೋಸೆಯೇ ನನ್ನನ್ನು ಹೆಚ್ಚು ವಿಚಾರವಂತೆಯನ್ನಾಗಿ ಮಾಡಿತ್ತು ಎಂದು ಈಗ ಅನಿಸುತ್ತದೆ. ಮನೆಯಲ್ಲಿ ಯಾರು ಏನು ಹೇಳಿದರೂ "ಅದಕ್ಕೆ ಆಧಾರ ಏನು?" ಎನ್ನುತ್ತಿದ್ದೆ. ಇವತ್ತು ಮಳೆ ಬರುತ್ತದೆ ಎಂದರೆ ಆಧಾರ ಏನು? ಅನ್ನ ಬೆಂದಿದೆ ಎಂದರೆ ಎಷ್ಟು ಅಗುಳು ಹಿಸುಕಿ ನೋಡಿದಿರಿ? ಅಮ್ಮ ಒಮ್ಮೆ ಸೌಟು ಎತ್ತಿದ್ದೂ ಉಂಟು.

ಅದೇ ವರ್ಷ ಅಣ್ಣನ ಮದುವೆಯಾಗಿ ಅತ್ತಿಗೆ ಮನೆಗೆ ಬಂದರು. ಬಂದ ಮೂರನೆಯ ತಿಂಗಳಿಗೆ ಮನೆಯಲ್ಲಿ ಮೋಟಾರಿನ ಮಾತು ಎದ್ದಿತು. ಬಾವಿಗೆ ಮೋಟಾರು, ಮೇಲೊಂದು ಟ್ಯಾಂಕು, ಅಡುಗೆಮನೆಗೆ ನಲ್ಲಿ. ಅಪ್ಪನಿಗೂ ಅಣ್ಣನಿಗೂ ಇದು ಬೇಕಿತ್ತು. ಪದ್ದತ್ತೆ ಒಪ್ಪಲಿಲ್ಲ. ನಲ್ಲಿಗೆ ಬಟ್ಟೆ ಕಟ್ಟೋಣ ಎಂದರು ಅಪ್ಪ.

"ಕಟ್ಟಬಹುದು. ಆದ್ರೆ ಅವು ವಾಪಸ್ ಹೋಗೋದು ಹೆಂಗೆ? ಎಲ್ಲಾ ಟ್ಯಾಂಕಲ್ಲೇ ಸಾಯೋದಾ?" ಎಂದರು ಪದ್ದತ್ತೆ.

ನಾನು ಮೋಟಾರಿನ ಪಕ್ಷ. ಹೆಂಗಸರ ದುಡಿಮೆಯ ಬಗ್ಗೆ, ದಿನಕ್ಕೆ ಮೂವತ್ತು ನಲವತ್ತು ಕೊಡ ಸೇದುವ ಕಷ್ಟದ ಬಗ್ಗೆ ಜಗಲಿಯಲ್ಲಿ ಕುಳಿತು ಭಾಷಣ ಮಾಡುತ್ತಿದ್ದೆ. ಭಾಷಣ ಮಾಡುವಾಗ ಬಾಯಿ ಒಣಗುತ್ತಿತ್ತು. ಆಗ ಅತ್ತಿಗೆ ಬಾವಿಯಿಂದ ನೀರು ಸೇದಿ ತಂದುಕೊಡುತ್ತಿದ್ದರು. ನಾನೆಂದೂ ಎದ್ದು ಒಂದು ಕೊಡ ಸೇದಲಿಲ್ಲ.

ಮಾತಿಗೆ ಮಾತು ಬೆಳೆದು ಒಂದು ದಿನ ಪದ್ದತ್ತೆ, "ನಿಮ್ಮ ನಲ್ಲಿ ನೀರು ನಂಗೆ ಸೇರೂದಿಲ್ಲ. ಗಾಳಿಸದ ನೀರು ಬಾಯಿಗೆ ಬಿದ್ದ ಕೂಡ್ಲೇ ಗೊತ್ತಾಗ್ತದೆ ನಂಗೆ. ಕಣ್ಣು ಮುಚ್ಚಿ ಹೇಳ್ತೀನಿ" ಎಂದುಬಿಟ್ಟರು.

ಹಸಿದವಳ ಮುಂದೆ ಎಲೆ ಹಾಕಿದ ಹಾಗಾಯಿತು. ಆಧಾರ! ಪರೀಕ್ಷೆ! ನಾನು ಅಪ್ಪನ ಮುಂದೆ ನಿಂತು, "ಪರೀಕ್ಷೆ ಮಾಡೋಣ. ಅತ್ತೆಗೆ ಗೊತ್ತಾದರೆ ಮೋಟಾರು ಬೇಡ. ಗೊತ್ತಾಗದಿದ್ದರೆ ಮೋಟಾರು" ಎಂದೆ. ಅಕ್ಕನ ಎದುರು ತಾವೇ ತೀರ್ಪು ಕೊಡುವ ಕಷ್ಟ ತಪ್ಪಿತಲ್ಲ ಎಂದು ಅಪ್ಪ ಕೂಡಲೇ ಒಪ್ಪಿದರು.

ಇಲ್ಲಿ ಒಂದು ನಿಮಿಷ ನನ್ನ ಪಾಠ ಕೇಳಿ. ಕಾಲೇಜಿನಲ್ಲಿ ಇದಕ್ಕೆ ಹಾಜರಿ ಉಂಟು, ನಿಮಗೆ ಇಲ್ಲ. ಬೇಕಾದರೆ ಎದ್ದು ಹೋಗಬಹುದು. ನಮ್ಮ ಕಡೆ ಹಲಸಿನ ಹಣ್ಣನ್ನು ಮರದಲ್ಲೇ ಕುಟ್ಟಿ ನೋಡುತ್ತಾರೆ. ಸದ್ದು ಕೇಳಿ ಹಣ್ಣಾಗಿದೆಯೋ ಇಲ್ಲವೋ ಹೇಳಬೇಕು. ಮೊದಲಿಗೆ ಇದು ಇನ್ನೂ ಕಾಯಿ ಎಂದೇ ಇಟ್ಟುಕೊಳ್ಳಬೇಕು. ವಿಶೇಷ ಏನೂ ನಡೆದಿಲ್ಲ ಎಂಬ ಈ ಮೊದಲ ನಂಬಿಕೆಗೆ ಪುಸ್ತಕದಲ್ಲಿ ಶೂನ್ಯ ಪ್ರಾಕ್ಕಲ್ಪನೆ ಎನ್ನುತ್ತಾರೆ. ಆ ಪದ ಹೇಳಿ ಮುಗಿಸುವಷ್ಟರಲ್ಲಿ ಪನಮರಂ ಬಸ್ಸು ಹೋಗಿಬಿಟ್ಟಿರುತ್ತದೆ. ಸದ್ದು ಬಲವಾದ ಸಾಕ್ಷಿ ಕೊಟ್ಟರೆ ಮಾತ್ರ ಆ ನಂಬಿಕೆಯನ್ನು ಬಿಡಬೇಕು. ತಪ್ಪು ಎರಡು ಬಗೆಯಲ್ಲಿ ಆಗಬಹುದು. ಕಾಯಿಯನ್ನು ಹಣ್ಣೆಂದು ಕಡಿದು ಕೆಡವಿದರೆ ಅದು ಮೊದಲ ಬಗೆಯ ತಪ್ಪು. ಮನೆಮಂದಿಯೆಲ್ಲ ವಾರವಿಡೀ ಪಲ್ಯ ತಿನ್ನಬೇಕು. ಹಣ್ಣನ್ನು ಕಾಯಿ ಎಂದು ಮರದಲ್ಲೇ ಬಿಟ್ಟರೆ ಎರಡನೆಯ ಬಗೆಯ ತಪ್ಪು. ಆನೆಯೇ ಬಂದು ಫಲಿತಾಂಶ ಪ್ರಕಟಿಸಿ, ಜೊತೆಗೆ ಬೇಲಿಯನ್ನೂ ತೆಗೆದುಕೊಂಡು ಹೋಗುತ್ತದೆ. ಒಂದು ತಪ್ಪಿಗೆ ಬಹಳ ಹೆದರಿದರೆ ಇನ್ನೊಂದು ಹೆಚ್ಚುತ್ತದೆ. ಕಾಯಿ ಕಡಿಯಲೇಬಾರದು ಎಂದು ಕುಳಿತವನ ಹಣ್ಣೆಲ್ಲ ಆನೆಗೆ.

ಪದ್ದತ್ತೆಯ ಪರೀಕ್ಷೆಯಲ್ಲಿ ನನ್ನ ಮೊದಲ ನಂಬಿಕೆ ಎಂದರೆ "ಅತ್ತೆಗೆ ಏನೂ ಗೊತ್ತಾಗುವುದಿಲ್ಲ, ಬರೀ ಊಹೆ". ಇಷ್ಟೊಂದು ಗೌರವಯುತವಾಗಿ ಶುರುವಾಯಿತು ನನ್ನ ಪ್ರಯೋಗ. ಎಂಟು ಲೋಟ ಎಂದು ನಿಶ್ಚಯಿಸಿದೆ. ಎಂಟೇ ಯಾಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಮ್ಮ ಮನೆಯಲ್ಲಿ ಒಂದೇ ತರಹದ ಲೋಟ ಇದ್ದದ್ದು ಎಂಟು, ಅದಕ್ಕೆ. ಎಂಟರಲ್ಲಿ ಏಳಾದರೂ ಸರಿ ಹೇಳಿದರೆ ನಂಬುವುದು. ಬರೀ ಊಹೆಯಿಂದ ಅಷ್ಟು ಸರಿಯಾಗುವ ಸಂಭವ ನೂರಕ್ಕೆ ನಾಲ್ಕೂ ಇಲ್ಲ. ಇಂಥ ಲೋಟದ ಪರೀಕ್ಷೆ ನನ್ನ ಸ್ವಂತ ಬುದ್ಧಿಯೇನಲ್ಲ, ನನ್ನ ವಿಷಯ ಓದಿದವರಿಗೆಲ್ಲ ಗೊತ್ತಿರುವುದೇ. ಆದರೆ ಮನೆಯವರಿಗೆ ನಾನು ಅದನ್ನು ಹೇಳಲಿಲ್ಲ.

ಪದ್ದತ್ತೆಗೆ ವಿಷಯ ತಿಳಿಸಿದೆ. "ಗಾಳಿಸದ್ದು ನನ್ನ ಬಾಯಿಗೆ ಬಂದ್ರೆ ಪಾಪ ಯಾರಿಗೆ ಮೋಳೇ?" ಎಂದು ಕೇಳಿದರು.

"ನಂಗೆ. ನೀವು ಬಾಯಿಗೆ ಹಾಕಿ ಉಗಿದುಬಿಡಿ" ಎಂದೆ.

"ಪಾಪ ಹಂಚೋ ಲೆಕ್ಕಾನೂ ನಿನ್ನ ಪುಸ್ತಕದಲ್ಲಿ ಉಂಟಾ?" ಎಂದರು. ಒಂದು ಹಗಲು ಯೋಚಿಸಿ ಒಪ್ಪಿದರು. ಹುಟ್ಟಿದ ಲಾಗಾಯ್ತು ಒಂದು ಗುಟುಕು ಗಾಳಿಸದ ನೀರು ಕುಡಿಯದ ಹೆಂಗಸು ಯಾಕೆ ಒಪ್ಪಿದರು ಎಂದು ಆಗ ನಾನು ಯೋಚಿಸಲಿಲ್ಲ. ಒಪ್ಪದಿದ್ದರೆ ಮೋಟಾರು ಹೇಗೂ ಬರುತ್ತದೆ, ಒಪ್ಪಿದರೆ ಬಾವಿ ಉಳಿಯುವ ಒಂದು ದಾರಿಯಾದರೂ ಇದೆ. ಅವರು ಬಾವಿಯೊಳಗಿನ ಕಾಣದ ಜೀವಗಳಿಗಾಗಿ ತಮ್ಮ ವ್ರತವನ್ನೇ ಅಡವಿಡಲು ಹೊರಟಿದ್ದರು. ನನಗೆ ಕಂಡದ್ದು ನನ್ನ ಎಂಟು ಲೋಟ ಮಾತ್ರ.

ಪರೀಕ್ಷೆಯ ದಿನ ಬೆಳಗ್ಗೆ ಹತ್ತು ಗಂಟೆ. ನಾನೇ ನಿಂತು ಒಂದೇ ಹೊತ್ತಿಗೆ ಎರಡು ಕೊಡ ನೀರು ಸೇದಿಸಿದೆ. ಸೇದಿದವರು ಅತ್ತಿಗೆ, ಬಿಡಿ. ಪದ್ದತ್ತೆಯ ಬಟ್ಟೆಯಿಂದ ಒಂದು ಕೊಡವನ್ನು ಗಾಳಿಸಿ, ಬಟ್ಟೆಯನ್ನು ಅವರಿಗೆ ವಾಪಸು ಕೊಟ್ಟೆ. ಇನ್ನೊಂದು ಕೊಡ ಹಾಗೆಯೇ ಇತ್ತು. ಆಮೇಲೆ ನಾಣ್ಯ ಚಿಮ್ಮಿಸಿ ಎಂಟು ಲೋಟಕ್ಕೂ ಪಟ್ಟಿ ಮಾಡಿದೆ. ಮೂರಕ್ಕೆ ಗಾಳಿಸಿದ ನೀರು, ಐದಕ್ಕೆ ಗಾಳಿಸದ ನೀರು ಬಂತು. ಪ್ರತಿ ಲೋಟದ ತಳಕ್ಕೆ ಅರಿಸಿನದಿಂದ ನಂಬರು ಬರೆದೆ. ಲೋಟ ತುಂಬಿಸುವವರು ಬೇರೆ, ಅತ್ತೆಯನ್ನು ಕೇಳುವವರು ಬೇರೆ ಇರಬೇಕು; ಇಲ್ಲದಿದ್ದರೆ ಕೇಳುವವರ ಮುಖವೇ ಉತ್ತರ ಹೇಳಿಬಿಡುತ್ತದೆ. ಅದಕ್ಕೆ ಪಟ್ಟಿಯನ್ನು ಅತ್ತಿಗೆಯ ಕೈಗೆ ಕೊಟ್ಟು, "ಇದರ ಪ್ರಕಾರ ತುಂಬಿಸಿ ತನ್ನಿ. ಮುಖ ಗಟ್ಟಿ ಇಟ್ಟುಕೊಳ್ಳಿ" ಎಂದು ಆಜ್ಞೆ ಮಾಡಿ ಜಗಲಿಗೆ ಬಂದು ಕುಳಿತೆ. ಮೂರು ತಿಂಗಳ ಹಿಂದೆ ಬಂದ ಸೊಸೆ. "ಆಯ್ತು" ಎಂದು ತಲೆಯಾಡಿಸಿದರು.

ನನ್ನ ಏರ್ಪಾಡಿನಲ್ಲಿ ಎಲ್ಲೂ ಬಿರುಕಿಲ್ಲ ಎಂದು ಅಂದುಕೊಂಡೆ. ಬಿರುಕು ಹಿತ್ತಲಿನಲ್ಲಿ ಕೊಡದ ಪಕ್ಕ ನಿಂತಿತ್ತು.

ತಟ್ಟೆಯಲ್ಲಿ ಎಂಟು ಲೋಟ ಬಂದವು. ಪದ್ದತ್ತೆ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಅಪ್ಪ, ಅಮ್ಮ, ಅಣ್ಣ ಸುತ್ತ ನಿಂತಿದ್ದರು. ಪದ್ದತ್ತೆ ಲೋಟ ನೋಡಲಿಲ್ಲ, ತಟ್ಟೆ ಹಿಡಿದು ಬಗ್ಗಿದ್ದ ಅತ್ತಿಗೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮೊದಲ ಲೋಟ ಎತ್ತಿ ಒಂದು ಗುಟುಕು ಕುಡಿದರು. ಉಗಿಯಲಿಲ್ಲ.

"ಗಾಳಿಸಿದ್ದು" ಎಂದರು.

ನಾನು ಪುಸ್ತಕದಲ್ಲಿ ಬರೆದುಕೊಂಡೆ. ಎರಡನೆಯದು. "ಗಾಳಿಸಿದ್ದು." ಮೂರನೆಯದು. "ಇದೂ ಗಾಳಿಸಿದ್ದೇ." ಹೀಗೆ ಎಂಟಕ್ಕೂ ಅದೇ ಉತ್ತರ. ಎಂಟನೆಯ ಲೋಟವನ್ನಂತೂ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಒಳ್ಳೆ ನೀರು" ಎಂದರು.

ಲೋಟ ತಿರುಗಿಸಿ ನಂಬರು ನೋಡಿ ಪಟ್ಟಿಯ ಜೊತೆ ಹೋಲಿಸಿದೆ. ಎಂಟಕ್ಕೆ ಮೂರು ಸರಿ. ನಾಣ್ಯವನ್ನೇ ಕೇಳಿದ್ದರೂ ನಾಲ್ಕಾದರೂ ಬರುತ್ತಿತ್ತು! ನಾನು ಎದ್ದು ನಿಂತು, "ಅತ್ತೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಸಾಬೀತಾಯಿತು" ಎಂದು ಘೋಷಿಸಿದೆ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಬರೆದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತೇನೆ. ಸಾಕ್ಷಿ ಸಿಗಲಿಲ್ಲ ಎಂದರೆ ಇಲ್ಲವೆಂದು ಸಾಬೀತಾದ ಹಾಗಲ್ಲ. ನಂಬಲು ಆಧಾರ ಸಾಲದು ಎಂದಷ್ಟೇ ಹೇಳಬೇಕು. ಎಂಟು ಲೋಟ ಎಂಬುದು ಬಹಳ ಸಣ್ಣ ಪರೀಕ್ಷೆ, ಇರುವ ಶಕ್ತಿಯೂ ಅದರಲ್ಲಿ ಕಾಣದೆ ಹೋಗಬಹುದು. ಇವೆಲ್ಲ ನನಗೆ ಗೊತ್ತಿತ್ತು. ಆದರೆ ಜಗಲಿಯಲ್ಲಿ ನಾಲ್ಕು ಜನ ನೋಡುತ್ತಿರುವಾಗ "ಆಧಾರ ಸಾಲದು" ಎಂದರೆ ಯಾರು ಬೆಲೆ ಕೊಡುತ್ತಾರೆ?

ಪದ್ದತ್ತೆ ವಾದಿಸಲಿಲ್ಲ. ಅತ್ತಿಗೆ ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಅಷ್ಟರಲ್ಲಿ ಪದ್ದತ್ತೆ ಎದ್ದು, "ಬಾ ಮೋಳೇ, ಲೋಟ ತೊಳೆಯೋಣ" ಎಂದು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ತಟ್ಟೆ ತಾವೇ ಹಿಡಿದಿದ್ದರು. ಅದನ್ನು ನಾನು ಸೋಲಿನ ಲಕ್ಷಣ ಎಂದು ತಿಳಿದೆ.

ಮರುದಿನ ಪದ್ದತ್ತೆ ಪ್ರಾಯಶ್ಚಿತ್ತಕ್ಕೆ ಉಪವಾಸ ಮಾಡುತ್ತಾರೆ ಎಂದು ಅಮ್ಮ ಎಣಿಸಿದ್ದಳು. ಅವರು ಬೆಳಗ್ಗೆ ಎರಡು ತುಂಡು ಅಕ್ಕಿಹಿಟ್ಟಿನ ಪುಟ್ಟು, ಎರಡು ಬಾಳೆಹಣ್ಣು ತಿಂದು, ಇನ್ನೊಂದು ತುಂಡು ಹಾಕಿಸಿಕೊಂಡರು. ಅಮ್ಮ ಆಶ್ಚರ್ಯಪಟ್ಟಳು. ನಾನೋ, ವಿಜ್ಞಾನದ ಮುಂದೆ ವ್ರತವೂ ಸಡಿಲವಾಯಿತು ಎಂದು ಒಳಗೊಳಗೇ ಹಿಗ್ಗಿದೆ. ಕಣ್ಣೆದುರಿಗೆ ಪುಟ್ಟಿನ ರೂಪದಲ್ಲಿ ಸಾಕ್ಷಿ ಕುಳಿತಿತ್ತು. ಅದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಹದಿನೈದು ದಿನದಲ್ಲಿ ಮೋಟಾರು ಬಂತು. ಪದ್ದತ್ತೆ ತಮ್ಮೊಬ್ಬರಿಗೆ ಬೇಕಾದ ಒಂದು ಕೊಡವನ್ನು ಮಾತ್ರ ಕೊನೆಯವರೆಗೂ ತಾವೇ ಸೇದಿ, ಗಾಳಿಸಿ, ಪುಟ್ಟ ಪಾತ್ರೆಯನ್ನು ಹಗ್ಗದಲ್ಲಿ ಇಳಿಸಿ ಬಾವಿಗೆ ಬಿಟ್ಟರು. ಒಂಬತ್ತು ವರ್ಷ. ಕಡೆಯ ವರ್ಷ ಕೈ ನಡುಗುತ್ತಿತ್ತು. ಆಗ ಅತ್ತಿಗೆ ಹಗ್ಗ ಹಿಡಿಯುತ್ತಿದ್ದರು, ಪದ್ದತ್ತೆ ಕಟ್ಟೆಯ ಮೇಲಿಂದ ಬಗ್ಗಿ ನೋಡಿ "ಮುಟ್ಟಿತು, ಈಗ ಓರೆ ಮಾಡು" ಎನ್ನುತ್ತಿದ್ದರು. ರಜೆಗೆ ಹೋದಾಗ ನಾನು ಅದನ್ನು ಕಂಡಿದ್ದೇನೆ. ಹಠ ಎಂದುಕೊಂಡಿದ್ದೆ.

ಆಮೇಲೆ ನಾನೇನು ಮಾಡಿದೆ ಕೇಳಿ. ಪ್ರತಿ ವರ್ಷ ಹೊಸ ತರಗತಿಗೆ ಮೊದಲ ವಾರ ಈ ಪ್ರಯೋಗವನ್ನೇ ಹೇಳಿದೆ. ಬೋರ್ಡಿನ ಮೇಲೆ ಎಂಟು ಲೋಟ ಬರೆದು, ಹೇಗೆ ನಾಣ್ಯ ಚಿಮ್ಮಿಸಬೇಕು, ಹೇಗೆ ತುಂಬಿಸುವವರನ್ನೂ ಕೇಳುವವರನ್ನೂ ಬೇರೆ ಮಾಡಬೇಕು ಎಂದು ವಿವರಿಸಿ, "ಇದರಿಂದ ನಮ್ಮ ಮನೆಗೆ ನಲ್ಲಿ ಬಂತು" ಎಂದು ಮುಗಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮೂವತ್ತು ಚಪ್ಪಾಳೆ ನನ್ನ ಲೆಕ್ಕಕ್ಕೆ ಸಿಕ್ಕಿವೆ.

ಕಳೆದ ಗುರುವಾರ ಮೀಟರಿನವನು ಏರು ಇಳಿದು ಹೋದ ಮೇಲೆ ಅತ್ತಿಗೆಯ ಎದುರು ಕುಳಿತು, "ಈಗ ಹೇಳಿ, ಯಾಕೆ ನಕ್ಕಿರಿ?" ಎಂದೆ.

"ಆ ಎರಡು ಲೋಟ ನೋಡಿ ನಿನ್ನ ಎಂಟು ಲೋಟ ನೆನಪಾಯ್ತು ಕಣೇ." ಕಣ್ಣು ಒರೆಸಿಕೊಂಡರು. "ಅದು ಎಂಟೂ ಗಾಳಿಸಿದ್ದೇ."

"ಎಂತ?"

"ಎಂಟೂ ಗಾಳಿಸಿದ್ದೇ ಅಂದೆ. ಮನೆ ಹಿರಿಯವರು, ಅದೂ ವ್ರತ ಹಿಡಿದವರು. ಅವರ ಬಾಯಿಗೆ ಗಾಳಿಸದ ನೀರು ಕೊಡೂಕಾಗ್ತದಾ? ನೀನು ಪಟ್ಟಿ ಕೊಟ್ಟು ಜಗಲಿಗೆ ಹೋದೆ. ಬಟ್ಟೆ ನೋಡಿದ್ರೆ ಅತ್ತೆ ಹೆಗಲ ಮೇಲೆ. ನಾನು ಆ ಇನ್ನೊಂದು ಕೊಡಾನ ನನ್ನ ಸೆರಗಲ್ಲೇ ಗಾಳಿಸ್ದೆ."

ಮೂವತ್ತು ವರ್ಷದ ಚಪ್ಪಾಳೆ ಒಮ್ಮೆಗೇ ಹಿಂದಕ್ಕೆ ಹೋಯಿತು. "ಹಾಗಾದರೆ ಅತ್ತೆ ಹೇಳಿದ್ದು ಎಂಟಕ್ಕೆ ಎಂಟೂ ಸರಿ! ಅವರ ನಾಲಿಗೆಗೆ ನಿಜವಾಗಿ ಗೊತ್ತಾಗುತ್ತಿತ್ತು! ಎರಡನೆಯ ಬಗೆಯ ತಪ್ಪು ಅತ್ತಿಗೆ, ಇರುವುದನ್ನು ಇಲ್ಲ ಎಂದುಬಿಟ್ಟೆ" ಎಂದು ನಾನು ಎದ್ದೇ ನಿಂತೆ. ತಪ್ಪು ಮಾಡಿದರೂ ಅದಕ್ಕೊಂದು ಹೆಸರು ಸಿಕ್ಕಿದರೆ ನಮಗೆ ಸಮಾಧಾನ.

"ನಾಲಿಗೆಗೆ ಎಂತ ಗೊತ್ತಾಗ್ತದೆ? ಕೂತ್ಕೋ" ಎಂದರು ಅತ್ತಿಗೆ. "ಲೋಟ ತೊಳೆಯೂಕೆ ಅಂತ ನನ್ನ ಬಾವಿ ಹತ್ರ ಕರ್ಕೊಂಡು ಹೋದ್ರಲ್ಲ, ನಾನೂ ಅದೇ ಕೇಳ್ದೆ, ಅತ್ತೆ, ನಿಮಗೆ ಹೆಂಗೆ ಗೊತ್ತಾಯ್ತು ಅಂತ. ಅದಕ್ಕೆ ಅವರು, ನಾಲಿಗೆ ಮಾತು ಸುಮ್ನೆ ಹೇಳಿದ್ದು, ಮೋಟಾರು ನಿಲ್ಲಿಸೂಕೆ. ತಟ್ಟೆ ಹಿಡಿದು ಬಗ್ಗಿದಾಗ ನಿನ್ನ ಸೆರಗಿಂದ ನೀರು ತೊಟ್ಟಿಕ್ತಾ ಇತ್ತಲ್ಲ ಅಂದ್ರು."

ನಾನು ಕುಳಿತೆ. ಅಂದು ಆ ಜಗಲಿಯಲ್ಲಿ ಅಪ್ಪ, ಅಮ್ಮ, ಅಣ್ಣ, ನಾನು, ನಾಲ್ಕೂ ಜನ ಇದ್ದೆವು. ಒದ್ದೆ ಸೆರಗು ಎಲ್ಲರ ಕಣ್ಣ ಮುಂದೆಯೇ ಇತ್ತು. ನೋಡಿದವರು ಪರೀಕ್ಷೆಗೆ ಕುಳಿತವರೊಬ್ಬರೇ. ಅಂದರೆ, ಅತ್ತೆಗೆ ರುಚಿಯಿಂದ ಗೊತ್ತಾಗುವುದಿಲ್ಲ ಎಂಬ ನನ್ನ ಉತ್ತರ ಸರಿಯಾಗಿಯೇ ಇತ್ತು. ಅದಕ್ಕೆ ನಾನು ಹೋದ ದಾರಿ ಪೂರ್ತಿ ಸುಳ್ಳು. ಎಂಟೂ ಲೋಟದಲ್ಲಿ ಒಂದೇ ನೀರು ಇಟ್ಟುಕೊಂಡು ವ್ಯತ್ಯಾಸ ಹುಡುಕಿದ್ದೆ. ಉತ್ತರ ಸರಿ, ಲೆಕ್ಕ ತಪ್ಪು. ಇಂಥದಕ್ಕೆ ನಾನು ಕೊಡುವುದು ಸೊನ್ನೆ.

"ಹಾಗಾದರೆ ಅಲ್ಲೇ ಎಲ್ಲರ ಮುಂದೆ ಹೇಳಬಹುದಿತ್ತಲ್ಲ? ಪರೀಕ್ಷೆ ಬಿದ್ದುಹೋಗುತ್ತಿತ್ತು. ಮೋಟಾರು ಬರುತ್ತಿರಲಿಲ್ಲ. ಅತ್ತೆಗೆ ಬೇಕಾದದ್ದೇ ಅದಲ್ಲವೇ?"

ಅತ್ತಿಗೆ ಕೈಯಲ್ಲಿದ್ದ ಸೆರಗನ್ನು ಕೆಳಗೆ ಬಿಟ್ಟರು. ನಗು ಹೋಗಿತ್ತು.

"ನಾನು ಹೇಳೂಕೆ ಹೊರಟೆ. ಅತ್ತೆ ಬಿಡಲಿಲ್ಲ. ಬಾವಿಕಟ್ಟೆ ಹತ್ರ ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದ್ರು. ಹಗ್ಗ ಎಳೆದು ಎಳೆದು ಬೊಬ್ಬೆ ಬಂದು ಒಡೆದಿತ್ತು. ನನ್ನ ತವರಲ್ಲಿ ನಲ್ಲಿ ಇತ್ತು ಕಣೇ, ನಂಗೆ ಸೇದಿ ಅಭ್ಯಾಸ ಇರ್ಲಿಲ್ಲ. ಯಾರಿಗೂ ತೋರ್ಸಿರ್ಲಿಲ್ಲ. ಅದನ್ನ ನೋಡಿ ಅವರು, ಇದೆಂತ ಮೋಳೇ, ಈ ಕೈಯಲ್ಲಿ ನಲವತ್ತು ಕೊಡ ಸೇದ್ತೀಯ, ಅದರ ಮೇಲೆ ನನ್ನ ವ್ರತಾನೂ ಕಾಯ್ತೀಯಾ ಅಂದ್ರು. ಅಳ್ತಾ ಇದ್ರು. ಅವಳು ಹೇಳಿದ್ದೇ ಇರಲಿ, ನೀನು ಬಾಯಿ ಬಿಡಬೇಡ, ಮೋಟಾರು ಬರಲಿ ಅಂದ್ರು."

"ಆಮೇಲೆ?"

"ಆಮೇಲೆ ಎಂತ? ಗಾಳಿಸಿದ ಸೆರಗು ಬಾವಿಗೆ ತೊಳೆದ್ಯಾ ಅಂತ ಕೇಳಿದ್ರು. ಇಲ್ಲ ಅಂದೆ. ಇಬ್ರೂ ಕೂತ್ಕೊಂಡು ಪುಟ್ಟ ಪಾತ್ರೇಲಿ ಸೆರಗು ತೊಳೆದು ಬಾವಿಗೆ ಇಳಿಸಿದ್ವಿ. ನೀನು ಜಗಲೀಲಿ ನಿನ್ನ ಅಪ್ಪಂಗೆ ಲೆಕ್ಕ ವಿವರಿಸ್ತಾ ಇದ್ದೆ. ಕೇಳಿಸ್ತಾ ಇತ್ತು."

ನನಗೆ ನಾಚಿಕೆಯಾಯಿತು. ಸುತ್ತು ಬಳಸದೆ ಹೇಳುತ್ತೇನೆ, ನಾಚಿಕೆಯ ಜೊತೆ ದುಃಖವೂ ಆಯಿತು. ಹೆಂಗಸರ ಕಷ್ಟದ ಬಗ್ಗೆ ದಿನಗಟ್ಟಲೆ ಭಾಷಣ ಮಾಡಿದವಳು ನಾನು. ಆ ಕಷ್ಟ ಕೈಗೆ ಬಂದು ಒಡೆದದ್ದನ್ನು ನೋಡಿ, ತಾವು ಪ್ರಾಣದಂತೆ ಕಾದ ಬಾವಿಯನ್ನು ಮಾತಿಲ್ಲದೆ ಬಿಟ್ಟುಕೊಟ್ಟವರು ಅವರು. ಮೋಟಾರು ತಂದದ್ದು ನನ್ನ ಪ್ರಯೋಗವಲ್ಲ. ಆ ದಿನ ನಿಜವಾದ ಪರೀಕ್ಷೆ ನಡೆದದ್ದು ಹಿತ್ತಲಿನಲ್ಲಿ, ಇಬ್ಬರು ಹೆಂಗಸರ ನಡುವೆ, ಯಾವ ಪಟ್ಟಿಯೂ ಇಲ್ಲದೆ. ಜಗಲಿಯಲ್ಲಿ ನಾನು ಮಾಡಿದ್ದನ್ನು ಏನೆಂದು ಕರೆಯಬೇಕೋ ತಿಳಿಯದು. ಮೊದಲ ಬಗೆಯ ತಪ್ಪೂ ಅಲ್ಲ, ಎರಡನೆಯದೂ ಅಲ್ಲ. ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ, ಅದರಲ್ಲಿ ಇರುವುದಿಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತಿಗೆ?"

"ನೀನು ಪ್ರತಿ ವರ್ಷ ಮಕ್ಕಳಿಗೆ ಆ ಕತೆ ಹೇಳ್ತೀಯ ಅಂತ ಗೊತ್ತಿತ್ತು. ಅಷ್ಟು ಖುಷಿಯಾಗಿ ಹೇಳ್ತಿದ್ದೆ. ಹಾಳು ಮಾಡೋದ್ಯಾಕೆ ಅಂತ."

ಇವತ್ತು ಬೆಳಗ್ಗೆ ಅತ್ತಿಗೆ ಊರಿಗೆ ಹೊರಟರು. ಎಂಟೂವರೆಯ ಬಸ್ಸು. ದಾರಿಗೆಂದು ಯಂತ್ರದ ನೀರನ್ನು ಒಂದು ಬಾಟಲಿಗೆ ತುಂಬಿಸಿದೆ. ಬಾಗಿಲಲ್ಲಿ ಅವರು ಒಂದು ಗುಟುಕು ಕುಡಿದು ನೋಡಿದರು. ಹೇಗಿದೆ ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು, ಹಳೆಯ ಚಾಳಿ. ಕೇಳಲಿಲ್ಲ. ಬಾಟಲಿಯನ್ನು ಚೀಲಕ್ಕೆ ಹಾಕಿ, ಅವರ ಬಲಗೈ ಹಿಡಿದು ತಿರುಗಿಸಿ ಅಂಗೈ ನೋಡಿದೆ. ಬೊಬ್ಬೆಯ ಗುರುತು ಒಂದೂ ಉಳಿದಿರಲಿಲ್ಲ.

"ಎಂತ ನೋಡ್ತೀಯ ಟೀಚರಮ್ಮ?" ಎಂದರು.

"ಏನಿಲ್ಲ. ಮೂವತ್ತು ವರ್ಷದ ಹಿಂದೆ ನೋಡಬೇಕಾಗಿತ್ತು" ಎಂದೆ. ಅವರ ಚೀಲವನ್ನು ನಾನೇ ಹೊತ್ತುಕೊಂಡು ಏರು ಇಳಿದೆ.